ಒಡಲಲ್ಲಿ ಉಳಿದ ತಾಮ್ರ

ಮನುಷ್ಯನ ಶರೀರಕ್ಕೆ ತಾಮ್ರ ಬೇಕು, ಆದರೆ ಬೇಕಾದ ಪ್ರಮಾಣ ಬಹಳ ಅಲ್ಪ. ಒಬ್ಬ ವಯಸ್ಕನ ಇಡೀ ದೇಹದಲ್ಲಿರುವ ತಾಮ್ರವನ್ನೆಲ್ಲ ಒಟ್ಟುಗೂಡಿಸಿದರೂ ಅದು ಹೆಚ್ಚುಕಡಿಮೆ 100 ಮಿಲಿಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತನೆಯ ಒಂದು ಭಾಗದಷ್ಟೇ ಆಗುತ್ತದೆ. ಜೀವಕೋಶಗಳು ಆಮ್ಲಜನಕವನ್ನು ಬಳಸಿ ಶಕ್ತಿಯನ್ನು ಪಡೆಯುವುದಕ್ಕೆ, ಕಬ್ಬಿಣವು ರಕ್ತಕ್ಕೆ ಸೇರುವುದಕ್ಕೆ, ಮೂಳೆ ಮತ್ತು ರಕ್ತನಾಳಗಳು ಗಟ್ಟಿಯಾಗಿರುವುದಕ್ಕೆ, ಕೂದಲು ಕಪ್ಪಾಗಿರುವುದಕ್ಕೂ ಈ ಲೋಹದ ನೆರವು ಅಗತ್ಯ. ದಿನಕ್ಕೆ ಬೇಕಾದ 1ರಿಂದ 2 ಮಿಲಿಗ್ರಾಂ ತಾಮ್ರವು ರಾಗಿ, ಕಾಳು, ಎಣ್ಣೆಬೀಜ, ಸೊಪ್ಪುಗಳಿಂದ ಕೂಡಿದ ಸಾಧಾರಣ ಊಟದಿಂದಲೇ ದೊರೆಯುತ್ತದೆ. ಸಣ್ಣ ಕರುಳು ಹೀರಿಕೊಂಡ ತಾಮ್ರ ಮೊದಲು ತಲುಪುವುದು ಯಕೃತ್ತನ್ನು, ಅಂದರೆ ಆಡುಮಾತಿನಲ್ಲಿ ಎಲ್ಲರೂ ಲಿವರ್ ಎಂದು ಕರೆಯುವ ಅಂಗವನ್ನು. ಅಲ್ಲಿ ಒಂದು ಪಾಲು ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನಿನೊಡನೆ ಬೆಸೆದುಕೊಂಡು ರಕ್ತಕ್ಕೆ ಹೋಗುತ್ತದೆ, ಬೇಡವಾದದ್ದು ಪಿತ್ತರಸದ ಜೊತೆಗೆ ಕರುಳಿಗೆ ಇಳಿದು ಮಲದ ಮೂಲಕ ಹೊರಬೀಳುತ್ತದೆ. ಮೂತ್ರದಲ್ಲಿ ಹೋಗುವ ತಾಮ್ರ ನಗಣ್ಯ. ಹೀಗಾಗಿ ಶರೀರದ ತಾಮ್ರದ ಜಮಾಖರ್ಚೆಲ್ಲ ಯಕೃತ್ತಿನ ಕೈಯಲ್ಲಿದೆ ಎನ್ನಬೇಕು. ಅದು ಸರಿಯಾಗಿರುವವರೆಗೆ ಊಟದಲ್ಲಿ ತಾಮ್ರ ತುಸು ಹೆಚ್ಚಾದರೂ ಕೆಡುಕಾಗುವುದಿಲ್ಲ, ಅದು ಕೈಬಿಟ್ಟರೆ ಸಾಮಾನ್ಯ ಊಟದ ತಾಮ್ರವೇ ವಿಷವಾಗುತ್ತದೆ.

ಶರೀರದಲ್ಲಿ ತಾಮ್ರ ಹೆಚ್ಚುವುದು ಎರಡು ಬಗೆಯಲ್ಲಿ. ಪಾತ್ರೆಯಿಂದಲೋ ಔಷಧಿಯಿಂದಲೋ ಹೊರಗಿನ ತಾಮ್ರ ಅತಿಯಾಗಿ ಒಳಸೇರುವುದು ಒಂದು ಬಗೆಯಾದರೆ, ಹುಟ್ಟಿನಿಂದ ಬಂದ ದೋಷದ ಕಾರಣ ಯಕೃತ್ತು ತಾಮ್ರವನ್ನು ಹೊರಹಾಕಲಾರದೆ ವರ್ಷಗಟ್ಟಲೆ ಕೂಡಿಟ್ಟುಕೊಳ್ಳುವುದು ಇನ್ನೊಂದು ಬಗೆ. ಜನರ ಅಂಜಿಕೆಯೆಲ್ಲ ಮೊದಲನೆಯದರ ಸುತ್ತ ಸುಳಿಯುತ್ತದೆ, ಆದರೆ ನಿಜವಾಗಿ ಜೀವಕ್ಕೆ ಎರವಾಗುವುದು ಬಹುಪಾಲು ಎರಡನೆಯದು. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಜಿಲ್ಲೆಯಾದ, ಈಗ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದಿರುವ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿಯ ಸೀಮೆಯಲ್ಲಿ ಈ ಎರಡೂ ಬಗೆಗಳಿಗೆ ಆಸ್ಪದವಿರುವುದರಿಂದ ಎರಡನ್ನೂ ಬೇರೆಬೇರೆಯಾಗಿ ನೋಡುವುದು ಒಳಿತು.

ಈ ಸೀಮೆಯ ಹಳೆಯ ಮನೆಗಳಲ್ಲಿ ಬಚ್ಚಲಿನ ಹಂಡೆ, ನೀರಿನ ಬಿಂದಿಗೆ, ಪೂಜೆಯ ತಂಬಿಗೆ ಮೂರೂ ತಾಮ್ರದವೇ ಆಗಿದ್ದವು, ಮತ್ತು ಕೆಲವು ವರ್ಷಗಳಿಂದ ತಾಮ್ರದ ಬಾಟಲಿ, ತಾಮ್ರದ ಲೋಟಗಳು ಆರೋಗ್ಯದ ಹೆಸರಿನಲ್ಲಿ ಪೇಟೆಯಿಂದ ಮತ್ತೆ ಮನೆಗೆ ಬಂದಿವೆ. ಇವುಗಳಲ್ಲಿ ಇಟ್ಟ ನೀರು ಕುಡಿದರೆ ಮೈಗೆ ತಾಮ್ರ ಏರುವುದೇ ಎಂಬ ಪ್ರಶ್ನೆಗೆ ಉತ್ತರ ದೂರ ಹುಡುಕಬೇಕಾಗಿಲ್ಲ. ಬೆಂಗಳೂರಿನ ಯಲಹಂಕದ ಆಯುರ್ವೇದ ಸಂಶೋಧನಾ ಸಂಸ್ಥೆಯೊಂದರ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭೇದಿ ತರುವ ಬ್ಯಾಕ್ಟೀರಿಯಾಗಳನ್ನು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟಾಗ ಆ ಬ್ಯಾಕ್ಟೀರಿಯಾಗಳು ಅಳಿದವು, ಮತ್ತು ನೀರಿಗೆ ಇಳಿದ ತಾಮ್ರ ಲೀಟರಿಗೆ ಸುಮಾರು 177 ಮೈಕ್ರೋಗ್ರಾಂ ಮಾತ್ರವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹಾಕಿರುವ ಮಿತಿ ಲೀಟರಿಗೆ 2 ಮಿಲಿಗ್ರಾಂ, ಅಂದರೆ 2,000 ಮೈಕ್ರೋಗ್ರಾಂ. ಭಾರತೀಯ ಮಾನಕದಲ್ಲಿ ಬೇರೆ ನೀರಿನ ಮೂಲವಿಲ್ಲದಾಗ ಒಪ್ಪಬಹುದಾದ ಗರಿಷ್ಠ ಪ್ರಮಾಣ 1.5 ಮಿಲಿಗ್ರಾಂ. ಅಂಥ ನೀರನ್ನು ದಿನಕ್ಕೆ ಮೂರು ಲೀಟರ್ ಕುಡಿದರೂ ಒಳಸೇರುವುದು ಅರ್ಧ ಮಿಲಿಗ್ರಾಮಿನ ಆಸುಪಾಸಿನ ತಾಮ್ರ, ಮತ್ತು ಆರೋಗ್ಯವಂತ ಯಕೃತ್ತಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಆದುದರಿಂದ ಅಜ್ಜಿಯ ಕಾಲದ ಬಿಂದಿಗೆಯನ್ನು ಗುಜರಿಗೆ ಹಾಕಬೇಕಾದ ಕಾರಣ ಯಾವುದೂ ಇಲ್ಲ.

ನೀರಿನ ಜಾಗಕ್ಕೆ ಹುಳಿ ಬಂದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಹುಣಸೆಹಣ್ಣು, ನಿಂಬೆರಸ, ಮಜ್ಜಿಗೆ, ಉಪ್ಪಿನಕಾಯಿ ಇವೆಲ್ಲ ಆಮ್ಲೀಯ ಪದಾರ್ಥಗಳು. ಅವು ತಾಮ್ರವನ್ನು ಕರಗಿಸಿ ತಮ್ಮೊಳಗೆ ಸೆಳೆದುಕೊಳ್ಳುತ್ತವೆ, ಹುಣಸೆಹಣ್ಣಿನಿಂದ ಉಜ್ಜಿದ ಬಿಂದಿಗೆ ಫಳಫಳ ಹೊಳೆಯುವುದೂ ಇದೇ ಗುಣದಿಂದ. ರಾಮನವಮಿಗೆ ರಾಮದೇವರ ಬೆಟ್ಟದ ಸೀಮೆಯಲ್ಲಿ, ಜಾತ್ರೆಯ ಕಾಲಕ್ಕೆ ಕಬ್ಬಾಳು, ಕೆಂಗಲ್, ಮಾಗಡಿಯ ಹಾದಿಗಳಲ್ಲಿ ಅರವಟ್ಟಿಗೆ ಇಟ್ಟು ಪಾನಕ, ನೀರುಮಜ್ಜಿಗೆ ಹಂಚುವವರು ಈಗ ಹೆಚ್ಚಾಗಿ ಸ್ಟೀಲಿನ ಪಾತ್ರೆಗಳನ್ನೇ ಬಳಸುತ್ತಾರಾದರೂ, ಶಾಸ್ತ್ರಕ್ಕೆಂದು ತಾಮ್ರದ ಕೊಪ್ಪರಿಗೆಯಲ್ಲಿ ನಿಂಬೆಯ ಪಾನಕವನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಇಟ್ಟರೆ ಕುಡಿದವರಿಗೆ ತುಸು ಹೊತ್ತಿನಲ್ಲೇ ಹೊಟ್ಟೆ ತೊಳಸು, ವಾಂತಿ, ಹೊಟ್ಟೆನೋವು ಕಾಣಿಸಿಕೊಳ್ಳಬಹುದು. ಬಾಯಲ್ಲಿ ಲೋಹದ ಒಗರು ರುಚಿ ಬಂದರೆ ಅಂಥ ಪಾನಕವನ್ನು ಚೆಲ್ಲಿಬಿಡುವುದೇ ಸರಿ. ನಮ್ಮ ಹಿಂದಿನವರು ಈ ಸಂಗತಿಯನ್ನು ಚೆನ್ನಾಗಿ ಬಲ್ಲವರಾಗಿದ್ದರು; ನವಸಾಗರದ ಪುಡಿ ಹಾಕಿ, ಪಾತ್ರೆಯನ್ನು ಕಾಯಿಸಿ, ಒಳಮೈಗೆ ತವರವನ್ನು ಬಳಿಯುವ ಕಲಾಯಿಯ ಕೆಲಸ ಹುಟ್ಟಿದ್ದೇ ತಾಮ್ರ–ಹಿತ್ತಾಳೆಗೂ ಹುಳಿಗೂ ನಡುವೆ ಒಂದು ತಡೆ ಇರಲೆಂದು. ಊರೂರು ತಿರುಗುತ್ತಿದ್ದ ಕಲಾಯಿಯವರು ಅಪರೂಪವಾಗಿ, ಹಳೆಯ ಪಾತ್ರೆಗಳು ಮಾತ್ರ ಅಟ್ಟದಿಂದ ಕೆಳಗಿಳಿದು ಬರುತ್ತಿರುವುದು ಈ ದಿನಗಳ ಒಂದು ವಿಪರ್ಯಾಸ. ಹಸಿರು ಕಿಲುಬು ಕಟ್ಟಿದ, ಕಲಾಯಿ ಹೋದ ಪಾತ್ರೆಯಲ್ಲಿ ಸಾರು, ಮಜ್ಜಿಗೆ, ಹಾಲು ಯಾವುದನ್ನೂ ಇಡಬಾರದು.

ಹಾಲಿನ ಮಾತಿಗೆ ಬೇರೆಯದೇ ಒಂದು ದುಃಖದ ಇತಿಹಾಸವಿದೆ. ಇಪ್ಪತ್ತನೆಯ ಶತಮಾನದ ಬಹುಭಾಗ ಭಾರತದಲ್ಲಿ, ದಕ್ಷಿಣದ ರಾಜ್ಯಗಳಲ್ಲಿಯೂ, ಒಂದರಿಂದ ಮೂರು ವರ್ಷದೊಳಗಿನ ಮಕ್ಕಳ ಯಕೃತ್ತು ಕಲ್ಲಿನಂತೆ ಗಟ್ಟಿಯಾಗಿ, ಹೊಟ್ಟೆ ಊದಿ, ತಿಂಗಳುಗಳಲ್ಲಿ ಸಾಯುವ ಕಾಯಿಲೆಯೊಂದು ಮನೆಮನೆಗಳನ್ನು ಹೆದರಿಸಿತ್ತು. ವೈದ್ಯರು ಅದನ್ನು ಭಾರತೀಯ ಶಿಶು ಸಿರೋಸಿಸ್ ಎಂದು ಕರೆದರು, ಸಿರೋಸಿಸ್ ಎಂದರೆ ಯಕೃತ್ತಿನ ಮೃದುಭಾಗ ಗಾಯದ ಕಲೆಯಂತೆ ನಾರುಗಟ್ಟುವುದು. ಆ ಮಕ್ಕಳ ಯಕೃತ್ತಿನಲ್ಲಿ ಅಪಾರ ತಾಮ್ರವಿತ್ತು. ಕಲಾಯಿಯಿಲ್ಲದ ಹಿತ್ತಾಳೆ ಅಥವಾ ತಾಮ್ರದ ಪಾತ್ರೆಯಲ್ಲಿ ಕಾಯಿಸಿ ಇಟ್ಟ ಪ್ರಾಣಿಹಾಲನ್ನು ಎಳೆಯ ಕೂಸುಗಳಿಗೆ ಕುಡಿಸುವುದು ಇದರ ಕಾರಣವಿರಬಹುದೆಂದು ಪುಣೆಯ ವೈದ್ಯರು ಬ್ರಿಟಿಷ್ ಸಹೋದ್ಯೋಗಿಗಳೊಡನೆ 1983ರಲ್ಲಿ ತೋರಿಸಿಕೊಟ್ಟರು: ಹಾಲಿನ ಪ್ರೋಟೀನು ತಾಮ್ರವನ್ನು ಹಿಡಿದುಕೊಳ್ಳುತ್ತದೆ, ಕೂಸಿನ ಯಕೃತ್ತಿಗೆ ಅದನ್ನು ಹೊರಹಾಕುವ ಕಸುವು ಇನ್ನೂ ಬಲಿತಿರುವುದಿಲ್ಲ. ಆಸ್ಟ್ರಿಯ ದೇಶದ ಟೈರೋಲ್ ಎಂಬ ಬೆಟ್ಟಸೀಮೆಯಲ್ಲಿಯೂ 1900ರಿಂದ 1974ರ ನಡುವೆ 138 ಮಕ್ಕಳು ಇಂಥದೇ ಕಾಯಿಲೆಯಿಂದ ತೀರಿಕೊಂಡದ್ದು ಮತ್ತು ಅಲ್ಲಿಯೂ ಕಲಾಯಿಯಿಲ್ಲದ ತಾಮ್ರದ ಪಾತ್ರೆಯಲ್ಲಿ ಕಾಯಿಸಿದ ಹಸುವಿನ ಹಾಲೇ ಕಾರಣವೆಂದು ಕಂಡದ್ದು ಮುಂದೆ ಈ ವಿಚಾರಕ್ಕೆ ಪುಷ್ಟಿ ಕೊಟ್ಟಿತು. ಅಡುಗೆಮನೆಗೆ ಸ್ಟೀಲು, ಅಲ್ಯೂಮಿನಿಯಂ ಬಂದಂತೆ ಭಾರತದಲ್ಲಿ ಈ ಕಾಯಿಲೆ ಹೆಚ್ಚುಕಡಿಮೆ ಮಾಯವಾಯಿತು. ಆದರೂ ಒಂದು ವರ್ಷದೊಳಗಿನ ಕೂಸಿಗೆ ತಾಮ್ರದ ಲೋಟದಲ್ಲಿ ಹಾಲು ಕುಡಿಸುವ ಹೊಸ ಹಂಬಲ ಯಾವ ಮನೆಯಲ್ಲಿಯೂ ಹುಟ್ಟದಿರಲಿ.

ಹೊಲ–ತೋಟಗಳಲ್ಲಿ ತಾಮ್ರವು ಮೈಲುತುತ್ತದ ರೂಪದಲ್ಲಿದೆ. ನೀಲಿ ಹರಳಿನ ಈ ಪದಾರ್ಥ ತಾಮ್ರ ಮತ್ತು ಗಂಧಕದ ಲವಣ. ಸುಣ್ಣದೊಡನೆ ಬೆರೆಸಿದಾಗ ಅದು ಬೋರ್ಡೋ ದ್ರಾವಣವಾಗುತ್ತದೆ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಇದನ್ನು ಸಿಂಪಡಿಸುವ ಕ್ರಮವನ್ನು ರೂಢಿಗೆ ತಂದರು. ಇಂದು ತೆಂಗಿನ ಸುಳಿ ಕೊಳೆಯುವ ರೋಗಕ್ಕೆ ಬೋರ್ಡೋ ಮುಲಾಮು, ಮಾವಿನ ಚಿಬ್ಬುರೋಗಕ್ಕೂ ಟೊಮ್ಯಾಟೊ ಅಂಗಮಾರಿಗೂ ಕಾಪರ್ ಆಕ್ಸಿಕ್ಲೋರೈಡ್ ಎಂಬ ಪುಡಿ ರೈತರ ಕೈಯಲ್ಲಿ ಸಾಮಾನ್ಯವಾಗಿವೆ. ಹದವಾಗಿ ಬಳಸಿದಾಗ ಇವುಗಳಿಂದ ತಿನ್ನುವವರಿಗೆ ತೊಂದರೆಯಿಲ್ಲ, ತೊಂದರೆಯಿರುವುದು ಸಿಂಪಡಿಸುವವರಿಗೆ. ಪೋರ್ಚುಗಲ್ಲಿನ ದ್ರಾಕ್ಷಿತೋಟಗಳಲ್ಲಿ ವರ್ಷಗಟ್ಟಲೆ ಬೋರ್ಡೋ ಸಿಂಪಡಿಸಿದ ಕೂಲಿಗಳ ಶ್ವಾಸಕೋಶಗಳಲ್ಲಿ ನೀಲಿ ಕಲೆಗಳಿಂದ ಕೂಡಿದ ಕಾಯಿಲೆಯನ್ನು 1969ರಲ್ಲಿ ಅಲ್ಲಿಯ ವೈದ್ಯರು ಗುರುತಿಸಿದರು. ಬರಿಮೂಗಿನಲ್ಲಿ, ಗಾಳಿಗೆದುರಾಗಿ ಸಿಂಪಡಿಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಮೈಲುತುತ್ತವನ್ನು ನುಂಗಿದರಂತೂ ಅದು ಕರುಳನ್ನು ಸುಟ್ಟು, ಕೆಂಪು ರಕ್ತಕಣಗಳನ್ನು ಒಡೆದು, ಮೂತ್ರಪಿಂಡಗಳನ್ನು ನಿಲ್ಲಿಸಿಬಿಡುವ ಘೋರ ವಿಷ. ನೀಲಿ–ಹಸಿರು ವಾಂತಿ ಅದರ ಗುರುತು. ಅಂಥ ಸಂದರ್ಭದಲ್ಲಿ ಉಪ್ಪುನೀರು ಕುಡಿಸಿ ಮತ್ತೆ ವಾಂತಿ ಮಾಡಿಸುವುದು ಸುಟ್ಟ ಗಂಟಲನ್ನು ಎರಡನೆಯ ಸಲ ಸುಟ್ಟಂತೆ. ಪೊಟ್ಟಣವನ್ನು ಜೊತೆಗೆ ತೆಗೆದುಕೊಂಡು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಹರಳಿನ ಚೆಲುವಾದ ನೀಲಿ ಬಣ್ಣ ಮಕ್ಕಳನ್ನು ಕರೆಯುವಂಥದ್ದಾದ್ದರಿಂದ ಅದು ಅಡುಗೆಮನೆಯ ಡಬ್ಬಿಗಳ ಸಾಲಿನಲ್ಲಿ ಎಂದಿಗೂ ಇರಕೂಡದು.

ಬೆಂಗಳೂರಿನ ಹೊಲಸನ್ನೆಲ್ಲ ಹೊತ್ತು ಬಿಡದಿ ಬಳಿಯ ಬೈರಮಂಗಲ ಕೆರೆಗೆ ಇಳಿಯುವ ವೃಷಭಾವತಿಯ ನೀರಿನಿಂದ ಬೆಳೆದ ಸೊಪ್ಪು–ತರಕಾರಿಯ ಬಗೆಗೂ ಜನರಲ್ಲಿ ಆತಂಕವಿದೆ, ಮತ್ತು ಆ ಆತಂಕ ನ್ಯಾಯವಾದದ್ದೇ. ಆದರೆ ತಾಮ್ರದ ಮಟ್ಟಿಗೆ ಒಂದು ವಿಶೇಷವನ್ನು ಗಮನಿಸಬೇಕು: ಮಣ್ಣಿನಲ್ಲಿ ತಾಮ್ರ ಮಿತಿಮೀರಿದರೆ ಮನುಷ್ಯನಿಗಿಂತ ಮೊದಲು ಗಿಡವೇ ಬಾಡುತ್ತದೆ, ಬೇರು ಕುಗ್ಗಿ ಎಲೆ ಹಳದಿಯಾಗುತ್ತದೆ. ಹೀಗೆ ಗಿಡ ತಾನೇ ಒಂದು ತಡೆಗೋಡೆಯಾಗಿ ನಿಲ್ಲುವುದರಿಂದ ತರಕಾರಿಯ ಮೂಲಕ ತಾಮ್ರದ ವಿಷವೇರುವುದು ಕಷ್ಟ. ಗಿಡಕ್ಕೆ ಏನೂ ಆಗದೆ ಎಲೆಯಲ್ಲಿ ಸದ್ದಿಲ್ಲದೆ ಸೇರುವ ಕ್ಯಾಡ್ಮಿಯಂನಂಥ ಲೋಹಗಳಿಗೆ ಈ ತಡೆಯಿಲ್ಲ, ಬೈರಮಂಗಲದ ಕೆಳಗಿನ ಹಳ್ಳಿಗಳು ಹೆಚ್ಚು ಅಂಜಬೇಕಾದದ್ದು ಅವುಗಳಿಗೆ.

ಇಲ್ಲಿಯವರೆಗಿನದು ಹೊರಗಿನ ತಾಮ್ರದ ಮಾತು. ಒಳಗೆ ಕೂಡಿಕೊಳ್ಳುವ ತಾಮ್ರದ ಕಾಯಿಲೆಗೆ ವಿಲ್ಸನ್ ಕಾಯಿಲೆ ಎಂದು ಹೆಸರು. ಲಂಡನ್ನಿನ ನರವೈದ್ಯ ಸ್ಯಾಮ್ಯುಯೆಲ್ ಅಲೆಕ್ಸಾಂಡರ್ ಕಿನ್ನಿಯರ್ ವಿಲ್ಸನ್ 1912ರಲ್ಲಿ, ಒಂದೇ ಮನೆಯ ಒಡಹುಟ್ಟಿದವರಲ್ಲಿ ಕಾಣಿಸಿಕೊಂಡು ಕೈ ನಡುಗಿಸಿ, ಮಾತು ತೊದಲಿಸಿ, ಮೈ ಬಿಗಿಯಾಗಿಸಿ ಕೊಲ್ಲುವ ಕಾಯಿಲೆಯೊಂದನ್ನು ವಿವರಿಸಿ, ಅಂಥವರ ಯಕೃತ್ತು ಕೂಡ ಸಿರೋಸಿಸ್‌ಗೆ ತುತ್ತಾಗಿರುತ್ತದೆಂದು ತೋರಿಸಿದ. ಅದಕ್ಕೂ ತಾಮ್ರಕ್ಕೂ ಇರುವ ನಂಟು ಸ್ಪಷ್ಟವಾಗಲು 1948ರವರೆಗೆ ಕಾಯಬೇಕಾಯಿತು. ಹದಿಮೂರನೆಯ ವರ್ಣತಂತುವಿನ ಮೇಲಿರುವ ಎಟಿಪಿ7ಬಿ ಎಂಬ ವಂಶವಾಹಿಯ ದೋಷವೇ ಮೂಲವೆಂದು 1993ರಲ್ಲಿ ಪತ್ತೆಯಾಯಿತು. ಈ ವಂಶವಾಹಿಯ ಆದೇಶದಂತೆ ತಯಾರಾಗುವ ಪ್ರೋಟೀನು ಯಕೃತ್ತಿನ ಕೋಶದಲ್ಲಿ ತಾಮ್ರವನ್ನು ಪಿತ್ತರಸಕ್ಕೆ ತಳ್ಳುವ ಪಂಪು. ಪಂಪು ಕೆಟ್ಟರೆ ತಾಮ್ರ ಯಕೃತ್ತಿನಲ್ಲೇ ತುಂಬುತ್ತ ಹೋಗಿ, ಅದು ತುಂಬಿ ತುಳುಕಿದ ಮೇಲೆ ರಕ್ತದ ದಾರಿಯಲ್ಲಿ ಮಿದುಳು, ಕಣ್ಣು, ಮೂತ್ರಪಿಂಡ, ಮೂಳೆಗಳನ್ನು ಸೇರುತ್ತದೆ.

ಜಗತ್ತಿನಲ್ಲಿ ಸುಮಾರು 30,000 ಜನರಿಗೆ ಒಬ್ಬರಲ್ಲಿ ಈ ಕಾಯಿಲೆಯಿರುತ್ತದೆಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. 2011ರ ಜನಗಣತಿಯಂತೆ 10,82,636 ಜನರಿದ್ದ ರಾಮನಗರ ಜಿಲ್ಲೆಗೆ ಈ ಲೆಕ್ಕವನ್ನು ಹಚ್ಚಿದರೆ ಮೂವತ್ತಾರು ಮಂದಿ ರೋಗಿಗಳಾಗುತ್ತಾರೆ. ಕಾಯಿಲೆ ಬರಬೇಕಾದರೆ ದೋಷವುಳ್ಳ ವಂಶವಾಹಿಯ ಪ್ರತಿ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಸೇರಬೇಕು. ಒಂದೇ ಪ್ರತಿ ಇರುವವರು, ಅಂದರೆ ವಾಹಕರು, ಸರಿಸುಮಾರು 90 ಜನರಿಗೆ ಒಬ್ಬರಂತೆ ಇದ್ದು ತಾವು ಪೂರ್ಣ ಆರೋಗ್ಯವಂತರಾಗಿಯೇ ಬಾಳುತ್ತಾರೆ. ಆದರೆ ಹಳೆಯ ಮೈಸೂರು ಸೀಮೆಯ ಒಂದು ವಾಡಿಕೆ ಈ ಲೆಕ್ಕವನ್ನು ಏರುಪೇರು ಮಾಡುತ್ತದೆ. 1980ರಿಂದ 1989ರವರೆಗೆ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ಹುಟ್ಟಿದ ಮಕ್ಕಳ ತಂದೆತಾಯಿಯರನ್ನು ವಿಚಾರಿಸಿ, ಒಂದು ಲಕ್ಷಕ್ಕೂ ಮಿಕ್ಕ ದಂಪತಿಗಳ ವಿವರ ಕಲೆಹಾಕಿದ ಅಧ್ಯಯನದಲ್ಲಿ ಶೇಕಡ 31ರಷ್ಟು ಮದುವೆಗಳು ರಕ್ತಸಂಬಂಧದೊಳಗೆ ನಡೆದವಾಗಿದ್ದವು. ಅದರಲ್ಲಿಯೂ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಸಂಬಂಧ ಬಹಳವಾಗಿತ್ತು. ಸಂಬಂಧವೇ ಇಲ್ಲದ ಇಬ್ಬರ ಮಗುವಿಗೆ ಈ ಕಾಯಿಲೆಯ ಸಂಭವ 30,000ಕ್ಕೆ ಒಂದಾದರೆ, ಸೋದರಮಾವ–ಸೊಸೆಯ ಮದುವೆಯಿಂದ ಹುಟ್ಟಿದ ಮಗುವಿಗೆ ಅದು ಗಣಿತದಂತೆ ಸುಮಾರು 1,400ಕ್ಕೆ ಒಂದು, ಅತ್ತೆಯ ಅಥವಾ ಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಸುಮಾರು 2,700ಕ್ಕೆ ಒಂದು. ಇದರ ಅರ್ಥ ಅಂಥ ಮನೆಗಳ ಮಕ್ಕಳಲ್ಲಿ ಬಹುತೇಕ ಎಲ್ಲರೂ ಈ ಕಾಯಿಲೆಯಿಂದ ದೂರವೆಂಬುದೂ ಹೌದು, ಆ ಮನೆಗಳಲ್ಲಿ ಅನುಮಾನಿಸುವ ಕಣ್ಣು ಇನ್ನಷ್ಟು ಎಚ್ಚರವಾಗಿರಬೇಕೆಂಬುದೂ ಹೌದು. ಹೆತ್ತವರನ್ನು ದೂಷಿಸಲು ಇದನ್ನು ಬಳಸುವುದು ಮಾತ್ರ ಅನ್ಯಾಯ.

ಈ ಕಾಯಿಲೆಯ ಬಗೆಗೆ ದೇಶದಲ್ಲೇ ಹೆಚ್ಚಿನ ಅನುಭವವುಳ್ಳ ಸಂಸ್ಥೆಗಳಲ್ಲೊಂದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ಊರುಗಳಿಗೆ ಅರವತ್ತು–ಎಪ್ಪತ್ತು ಕಿಲೋಮೀಟರಿನೊಳಗೆ ಇರುವುದು ಭಾಗ್ಯವೆಂದೇ ಹೇಳಬೇಕು. ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನ ನರವೈದ್ಯರು ಮೂರು ದಶಕಗಳಲ್ಲಿ ತಾವು ನೋಡಿದ 282 ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ಕಾಯಿಲೆ ಶುರುವಾದ ವಯಸ್ಸು ಸರಾಸರಿ ಸುಮಾರು 16 ವರ್ಷ, ಹತ್ತರಲ್ಲಿ ಏಳು ಮಂದಿಯಲ್ಲಿ ನರಗಳ ತೊಂದರೆಯೇ ಮುಖ್ಯ, ಬಹಳಷ್ಟು ಮಂದಿಯ ತಂದೆತಾಯಿ ರಕ್ತಸಂಬಂಧಿಗಳು. ಕೆಲವರಲ್ಲಿ ಮಂಡಿ ಒಳಬಾಗುವುದು, ಮೂಳೆ ನೋಯುವುದೇ ಮುಂದಾಗಿ ಕಂಡಿತ್ತು. ಇಂಥವರನ್ನು ಕ್ಯಾಲ್ಸಿಯಂ ಕೊರತೆಯವರೆಂದು ತಿಳಿಯುವ ಸಂಭವ ಹೆಚ್ಚು.

ಕಾಯಿಲೆ ಮುಖ ತೋರಿಸುವ ಬಗೆಗಳು ಹಲವಾಗಿರುವುದೇ ಗುರುತಿಸುವಿಕೆ ತಡವಾಗಲು ಕಾರಣ. ಎಂಟು–ಹತ್ತು ವರ್ಷದ ಮಗುವಿಗೆ ಕಾಮಾಲೆ ಬರುತ್ತದೆ. ನಾಟಿ ಔಷಧಿ ಕೊಡಿಸುತ್ತಾರೆ, ಕಣ್ಣಿನ ಹಳದಿ ಇಳಿಯುತ್ತದೆ, ಔಷಧಿಯಿಂದಲೇ ಗುಣವಾಯಿತೆಂದು ಎಲ್ಲರೂ ನಂಬುತ್ತಾರೆ. ವಿಲ್ಸನ್ ಕಾಯಿಲೆಯ ಕಾಮಾಲೆ ತಾನಾಗಿಯೇ ಇಳಿದು ಮತ್ತೆ ಬರಬಲ್ಲದು. ವೈರಸ್ಸಿನ ಪರೀಕ್ಷೆಗಳಲ್ಲಿ ಏನೂ ಸಿಗದ ಕಾಮಾಲೆ, ಎರಡನೆಯ ಸಲ ಮರುಕಳಿಸಿದ ಕಾಮಾಲೆ, ಕಾಮಾಲೆಯ ಜೊತೆಗೆ ರಕ್ತ ಥಟ್ಟನೆ ಕಡಿಮೆಯಾಗುವುದು, ಹೊಟ್ಟೆಯಲ್ಲಿ ನೀರು ತುಂಬುವುದು ಇವುಗಳಲ್ಲಿ ಯಾವುದು ಕಂಡರೂ ತಾಮ್ರದ ಪರೀಕ್ಷೆ ಆಗಲೇಬೇಕು. ಹದಿಹರೆಯದಲ್ಲಿ ಅದು ಬೇರೆಯ ವೇಷ ತೊಡುತ್ತದೆ: ಚೆಂದವಾಗಿದ್ದ ಬರವಣಿಗೆ ಕೋಳಿಗೀರಾಗುತ್ತದೆ, ಜೊಲ್ಲು ಸುರಿಯುತ್ತದೆ, ಮಾತು ತೊದಲುತ್ತದೆ, ಕಾರಣವಿಲ್ಲದೆ ನಗು–ಅಳು–ಸಿಟ್ಟು ಬರುತ್ತದೆ, ಶಾಲೆಯ ಅಂಕ ಇಳಿಯುತ್ತದೆ. ಗೆಳೆಯರು ಅಣಕಿಸುತ್ತಾರೆ, ಮನೆಯವರು ಸೋಮಾರಿತನವೆಂದು ಬೈಯುತ್ತಾರೆ, ಗಾಳಿ ಸೋಕಿದೆಯೆಂದು ಯಂತ್ರ ಕಟ್ಟಿಸುತ್ತಾರೆ. ಅಷ್ಟರಲ್ಲಿ ಮಿದುಳಿನ ಆಳದಲ್ಲಿ, ಚಲನೆಯನ್ನು ಹದಗೊಳಿಸುವ ಭಾಗಗಳಲ್ಲಿ, ತಾಮ್ರ ತನ್ನ ಹಾನಿಯನ್ನು ಮಾಡುತ್ತಿರುತ್ತದೆ. ಚನ್ನಪಟ್ಟಣದಲ್ಲಿ ತಿರುಗುವ ಲೇತಿಗೆ ಉಳಿ ಹಿಡಿದು ಆಟಿಕೆಗೆ ಅರಗು ಬಳಿಯುವ ಕೈ, ರಾಮನಗರದಲ್ಲಿ ಕುದಿನೀರಿನ ಗೂಡಿನಿಂದ ರೇಷ್ಮೆಯ ಎಳೆ ಹುಡುಕುವ ಕೈ, ಎರಡಕ್ಕೂ ಬೆರಳಿನ ಹದವೇ ಅನ್ನ. ಅಂಥ ಕೆಲಸದಲ್ಲಿರುವ ಇಪ್ಪತ್ತರ ತರುಣನೊಬ್ಬನ ಕೈ ನಡುಗತೊಡಗಿದರೆ ಅದನ್ನು ಕುಡಿತದ ತಲೆಗೆ ಕಟ್ಟುವ ಮೊದಲು ವೈದ್ಯರಿಗೆ ತೋರಿಸುವುದು ಆತನಿಗೆ ಸಲ್ಲಬೇಕಾದ ನ್ಯಾಯ.

ಪರೀಕ್ಷೆಗಳ ವಿಷಯದಲ್ಲಿ ಓದುಗರನ್ನು ದಾರಿತಪ್ಪಿಸುವ ಸಂಗತಿಯೊಂದಿದೆ. ಶರೀರದಲ್ಲಿ ತಾಮ್ರ ಹೆಚ್ಚಿದ್ದರೆ ರಕ್ತದಲ್ಲಿಯೂ ಹೆಚ್ಚಿರಬೇಕೆಂದು ತೋರುವುದು ಸಹಜ, ಆದರೆ ವಿಲ್ಸನ್ ರೋಗಿಗಳ ರಕ್ತದ ಒಟ್ಟು ತಾಮ್ರ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ, ಏಕೆಂದರೆ ರಕ್ತದಲ್ಲಿ ತಾಮ್ರವನ್ನು ಹೊತ್ತೊಯ್ಯುವ ಸೆರುಲೋಪ್ಲಾಸ್ಮಿನ್ ಅವರಲ್ಲಿ ಕುಗ್ಗಿರುತ್ತದೆ. ಇದಕ್ಕೆ ಎದುರಾಗಿ ಗರ್ಭಿಣಿಯರಲ್ಲಿ, ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ, ಸೋಂಕು ತಗಲಿದವರಲ್ಲಿ ಸೆರುಲೋಪ್ಲಾಸ್ಮಿನ್ ಏರುವುದರಿಂದ ರಕ್ತದ ತಾಮ್ರವೂ ಏರುತ್ತದೆ, ಅದು ಕಾಯಿಲೆಯಲ್ಲ. ಹೀಗಾಗಿ ಒಂದೇ ಒಂದು ರಕ್ತಪರೀಕ್ಷೆಯ ಅಥವಾ ಕೂದಲಿನ ಪರೀಕ್ಷೆಯ ಚೀಟಿ ಹಿಡಿದು ತಾಮ್ರ ಹೆಚ್ಚಿದೆಯೆಂದು ಹೆದರಿಸಿ, ಮೈ ಶುದ್ಧಿಯ ಪುಡಿಗಳನ್ನು ಮಾರುವವರನ್ನು ನಂಬಬೇಕಾಗಿಲ್ಲ. ವೈದ್ಯರು ಹಲವು ಪುರಾವೆಗಳನ್ನು ಜೋಡಿಸಿ ನೋಡುತ್ತಾರೆ. ಸೆರುಲೋಪ್ಲಾಸ್ಮಿನ್ ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಅನುಮಾನ, 10ಕ್ಕಿಂತ ಕಡಿಮೆಯಿದ್ದರೆ ಬಲವಾದ ಅನುಮಾನ. ಒಂದು ದಿನದ, ಅಂದರೆ 24 ಗಂಟೆಗಳ ಮೂತ್ರವನ್ನೆಲ್ಲ ಕೂಡಿಸಿ ಅಳೆದಾಗ ತಾಮ್ರ 100 ಮೈಕ್ರೋಗ್ರಾಂ ದಾಟಿದರೆ ಅದು ಮಹತ್ವದ ಸುಳಿವು. ಮೂತ್ರವನ್ನು ಆಸ್ಪತ್ರೆ ಕೊಟ್ಟ ಕ್ಯಾನಿನಲ್ಲೇ ಹಿಡಿಯಬೇಕು, ಮನೆಯ ಲೋಹದ ಚೊಂಬಿನಲ್ಲಿ ಹಿಡಿದು ಸುರಿದರೆ ಲೆಕ್ಕ ಕೆಡುತ್ತದೆ. ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ತಾಮ್ರ ಕೂತು ಮೂಡುವ ಕಂದು–ಹಸಿರು ಬಳೆಯನ್ನು, ಅದನ್ನು 1902 ಮತ್ತು 1903ರಲ್ಲಿ ವಿವರಿಸಿದ ಇಬ್ಬರು ಜರ್ಮನ್ ನೇತ್ರವೈದ್ಯರ ಹೆಸರಿನಿಂದ ಕೈಸರ್–ಫ್ಲೈಷರ್ ಉಂಗುರವೆನ್ನುತ್ತಾರೆ. ನರಗಳ ತೊಂದರೆಯಿರುವ ರೋಗಿಗಳಲ್ಲಿ ಅದು ಬಹುಪಾಲು ಇದ್ದೇ ಇರುತ್ತದೆ, ಆದರೆ ಯಕೃತ್ತಿನ ತೊಂದರೆ ಮಾತ್ರವಿರುವ ಮಕ್ಕಳಲ್ಲಿ ಹಲವು ಸಲ ಇರುವುದಿಲ್ಲ. ಕಣ್ಣಿನ ಆಸ್ಪತ್ರೆಗಳಲ್ಲೆಲ್ಲ ಇರುವ ಸ್ಲಿಟ್ ಲ್ಯಾಂಪ್ ಎಂಬ ಉಪಕರಣದಿಂದ ನೋವಿಲ್ಲದೆ ಕೆಲವೇ ನಿಮಿಷದಲ್ಲಿ ನೋಡಬಹುದಾದ ಈ ಗುರುತು, ತಾಲ್ಲೂಕು ಮಟ್ಟದಲ್ಲಿಯೇ ಅನುಮಾನವನ್ನು ಗಟ್ಟಿಮಾಡಬಲ್ಲದು. ಅಗತ್ಯಬಿದ್ದರೆ ಮಿದುಳಿನ ಎಂಆರ್‌ಐ, ಯಕೃತ್ತಿನ ಚೂರಿನ ಪರೀಕ್ಷೆ, ವಂಶವಾಹಿಯ ಪರೀಕ್ಷೆಗಳಿವೆ.

ವಂಶಪಾರಂಪರ್ಯವಾಗಿ ಬರುವ ಕಾಯಿಲೆಗಳಲ್ಲಿ ಔಷಧಿಗೆ ಇಷ್ಟು ಚೆನ್ನಾಗಿ ಬಗ್ಗುವವು ಬಹಳ ಕಡಿಮೆ. ಬ್ರಿಟನ್ನಿನ ವೈದ್ಯ ಜಾನ್ ವಾಲ್ಷ್ 1956ರಲ್ಲಿ ಪೆನಿಸಿಲಮೈನ್ ಎಂಬ ಔಷಧಿಯನ್ನು ಬಳಕೆಗೆ ತಂದ. ರೋಗಿಗಳಿಗೆ ಕೊಡುವ ಮೊದಲು ಅದನ್ನು ತಾನೇ ನುಂಗಿ ನೋಡಿದವನು ಆತ. ಈ ಔಷಧಿ ತಾಮ್ರವನ್ನು ಹಿಡಿದುಕೊಂಡು ಮೂತ್ರದ ದಾರಿಯಲ್ಲಿ ಹೊರಗೊಯ್ಯುತ್ತದೆ. ಊಟಕ್ಕೆ ಒಂದು ಗಂಟೆ ಮುಂಚೆ, ಖಾಲಿ ಹೊಟ್ಟೆಯಲ್ಲಿ, ಬಿ6 ಜೀವಸತ್ವದ ಆಸರೆಯೊಡನೆ ಇದನ್ನು ತೆಗೆದುಕೊಳ್ಳಬೇಕು. ಕೆಲವರಲ್ಲಿ ಜ್ವರ, ಮೈದದ್ದು, ಮೂತ್ರದಲ್ಲಿ ಪ್ರೋಟೀನು ಹೋಗುವುದು ಕಾಣಬಹುದು; ನರಗಳ ತೊಂದರೆಯಿರುವ ಕೆಲವರಿಗೆ ಮೊದಲ ವಾರಗಳಲ್ಲಿ ನಡುಕ–ಬಿಗಿತ ಇನ್ನಷ್ಟು ಹೆಚ್ಚಲೂಬಹುದು. ಆಗ ಮನೆಯವರು ಔಷಧಿಯೇ ಕೆಡುಕು ಮಾಡಿತೆಂದು ಎಸೆಯದೆ ವೈದ್ಯರ ಬಳಿಗೆ ಹೋಗಬೇಕು, ಪ್ರಮಾಣವನ್ನು ತಗ್ಗಿಸಿ ಮೆಲ್ಲಗೆ ಏರಿಸುವ ಅಥವಾ ಟ್ರೈಯೆಂಟೈನ್‌ನಂಥ ಬೇರೆ ಔಷಧಿಗೆ ಬದಲಿಸುವ ದಾರಿಗಳು ಅವರಿಗೆ ಗೊತ್ತಿರುತ್ತವೆ. ಇನ್ನೊಂದು ಔಷಧಿ ಜಿಂಕ್, ಅಂದರೆ ಸತುವಿನ ಲವಣ. ಇದು ಕರುಳಿನ ಒಳಪದರದ ಕೋಶಗಳಲ್ಲಿ ತಾಮ್ರವನ್ನು ಕಟ್ಟಿಹಾಕುವ ಪ್ರೋಟೀನನ್ನು ಹೆಚ್ಚಿಸುತ್ತದೆ. ಊಟದ ತಾಮ್ರ ಅಲ್ಲಿಯೇ ಸಿಕ್ಕಿಬಿದ್ದು, ಆ ಕೋಶಗಳು ಉದುರುವಾಗ ಮಲದೊಡನೆ ಹೋಗುತ್ತದೆ. ಪೆನಿಸಿಲಮೈನ್ ಮತ್ತು ಸತು ಎರಡನ್ನೂ ತೆಗೆದುಕೊಂಡು ವರ್ಷಗಳ ಕಾಲ ಸ್ಥಿರವಾಗಿದ್ದ ರೋಗಿಗಳಲ್ಲಿ ದುಬಾರಿಯಾದ ಪೆನಿಸಿಲಮೈನನ್ನು ನಿಲ್ಲಿಸಿ ಸತುವೊಂದರಲ್ಲೇ ಮುಂದುವರಿಸುವುದು ಸುರಕ್ಷಿತವೂ ಅಗ್ಗವೂ ಆದ ಭರವಸೆಯ ದಾರಿಯೆಂದು ನಿಮ್ಹಾನ್ಸ್‌ನ ವೈದ್ಯರು 2008ರಲ್ಲಿ ಬರೆದರು. ತಿಂಗಳ ಔಷಧಿಗೆ ದುಡ್ಡು ಹೊಂದಿಸಲಾಗದೆ ಚಿಕಿತ್ಸೆ ಬಿಡುವ ಮನೆಗಳಿಗೆ ಇದು ಎಷ್ಟು ದೊಡ್ಡ ಆಸರೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಂಥ ಬದಲಾವಣೆ ವೈದ್ಯರ ತೀರ್ಮಾನವಾಗಿರಬೇಕು, ಅಂಗಡಿಯ ಸತುವಿನ ಮಾತ್ರೆಯನ್ನು ಮನಸ್ಸಿಗೆ ಬಂದಂತೆ ನುಂಗಿದರೆ ಶರೀರಕ್ಕೆ ಬೇಕಾದ ತಾಮ್ರವೂ ಇಲ್ಲದಾಗಿ ರಕ್ತಹೀನತೆ ಬರುತ್ತದೆ. ಯಕೃತ್ತು ಪೂರ್ಣ ಸೋತಾಗ ಉಳಿಯುವ ದಾರಿ ಯಕೃತ್ತಿನ ಕಸಿ, ಮತ್ತು ಹೊಸ ಯಕೃತ್ತಿನಲ್ಲಿ ಪಂಪು ಸರಿಯಿರುವುದರಿಂದ ತಾಮ್ರ ಕೂಡುವುದೂ ಅಲ್ಲಿಗೆ ನಿಲ್ಲುತ್ತದೆ.

ಚಿಕಿತ್ಸೆ ಜೀವನಪರ್ಯಂತ ನಡೆಯಬೇಕಾದದ್ದು ಎಂಬ ಮಾತನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಕೈ ನಡುಕ ನಿಂತಿತು, ಮಗ ಕೆಲಸಕ್ಕೆ ಹೋಗುತ್ತಿದ್ದಾನೆ, ಇನ್ನೇಕೆ ಮಾತ್ರೆ ಎಂದು ನಿಲ್ಲಿಸಿದವರಲ್ಲಿ ತಿಂಗಳುಗಳಿಂದ ಒಂದೆರಡು ವರ್ಷದೊಳಗೆ ಯಕೃತ್ತು ಏಕಾಏಕಿ ಕೈಕೊಟ್ಟು ಜೀವ ಹೋದ ನಿದರ್ಶನಗಳು ವೈದ್ಯಸಾಹಿತ್ಯದಲ್ಲಿ ಸಾಕಷ್ಟಿವೆ. ಮದುವೆಯಾದ ಹೆಣ್ಣುಮಗಳು ಗರ್ಭಿಣಿಯಾದಾಗ ಮಗುವಿಗೆ ಕೆಡುಕಾಗುತ್ತದೆಂದು ಹೆದರಿ ಔಷಧಿ ಬಿಡುವುದೂ ಇಂಥದೇ ಅಪಾಯ. ವೈದ್ಯರು ಪ್ರಮಾಣವನ್ನು ಹೊಂದಿಸಿ ಮುಂದುವರಿಸುತ್ತಾರೆ, ಅಂಥ ತಾಯಂದಿರು ಆರೋಗ್ಯವಂತ ಮಕ್ಕಳನ್ನು ಹೆರುತ್ತಾರೆ. ಇವರಿಗೆ ಕಾಪರ್–ಟಿ ಹಾಕುವುದು ಮಾತ್ರ ತರವಲ್ಲ.

ಊಟದ ಪಥ್ಯದ ವಿಷಯದಲ್ಲಿ ಅತಿರೇಕ ಬೇಡ. ಕುರಿ–ಮೇಕೆಯ ಲಿವರ್, ಸೀಗಡಿ–ಏಡಿಯಂಥ ಚಿಪ್ಪಿನ ಜೀವಿಗಳು, ಗೋಡಂಬಿ ಮತ್ತಿತರ ಒಣಬೀಜಗಳು, ಅಣಬೆ, ಚಾಕೊಲೇಟು ಇವುಗಳಲ್ಲಿ ತಾಮ್ರ ಹೆಚ್ಚಾದ್ದರಿಂದ ಚಿಕಿತ್ಸೆಯ ಮೊದಲ ವರ್ಷದಲ್ಲಾದರೂ ಬಿಡುವುದು ವಾಡಿಕೆ. ತಾಮ್ರದ ಪಾತ್ರೆಯ ನೀರು ಬೇರೆಯವರಿಗೆ ನಿರಪಾಯವಾದರೂ ವಿಲ್ಸನ್ ರೋಗಿಗೆ ಬೇಡ. ತಾಮ್ರಭಸ್ಮ ಸೇರಿದ ಔಷಧಿಯೂ ಬೇಡ. ರಾಗಿಯಲ್ಲಿ, ಹುರುಳಿಯಲ್ಲಿ, ಅವರೆಯಲ್ಲಿ ಅಕ್ಕಿಗಿಂತ ತುಸು ಹೆಚ್ಚು ತಾಮ್ರವಿರುವುದು ನಿಜವಾದರೂ ಮುದ್ದೆಯನ್ನೂ ಹುರುಳಿ ಸಾರನ್ನೂ ತಟ್ಟೆಯಿಂದ ಕಿತ್ತುಕೊಂಡರೆ ಬಡ ಮನೆಯ ಮಗುವಿಗೆ ಉಳಿಯುವ ಪೌಷ್ಟಿಕಾಂಶ ಅತ್ಯಲ್ಪ. ಪಥ್ಯವೊಂದರಿಂದಲೇ ಈ ಕಾಯಿಲೆಯನ್ನು ತಡೆಯಲಾಗದು, ಮಾತ್ರೆ ಸರಿಯಾಗಿ ನಡೆಯುತ್ತಿದ್ದರೆ ಮಿತವಾದ ಮುದ್ದೆಯಿಂದ ಅದು ಹದಗೆಡುವುದೂ ಇಲ್ಲ.

ಒಂದು ಮನೆಯಲ್ಲಿ ಒಂದು ಮಗುವಿಗೆ ಈ ಕಾಯಿಲೆಯೆಂದು ಗೊತ್ತಾದ ದಿನ ವೈದ್ಯರು ಕೇಳುವ ಮೊದಲ ಪ್ರಶ್ನೆ ಅಣ್ಣ–ತಮ್ಮ, ಅಕ್ಕ–ತಂಗಿಯರ ಬಗೆಗಿರುತ್ತದೆ, ಏಕೆಂದರೆ ಒಡಹುಟ್ಟಿದ ಪ್ರತಿಯೊಬ್ಬರಿಗೂ ಕಾಯಿಲೆಯಿರುವ ಸಂಭವ ನಾಲ್ಕರಲ್ಲಿ ಒಂದು. ದುಃಖದಲ್ಲಿ ಮುಳುಗಿದ ಹೆತ್ತವರಿಗೆ, ಆಡಿಕೊಂಡು ಓಡಾಡುತ್ತಿರುವ ಇನ್ನೊಂದು ಮಗುವಿನ ರಕ್ತ ತೆಗೆಸುವುದು ಇಲ್ಲದ ಕಷ್ಟವನ್ನು ಕರೆದಂತೆ ತೋರುತ್ತದೆ. ಮುಂದಿನ ರಜೆಗೆ ನೋಡೋಣವೆಂದು ಬಿಡುತ್ತಾರೆ, ಹೆಣ್ಣುಮಗುವಾದರೆ ವಿಷಯ ಹೊರಗೆ ಬಿದ್ದು ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಡುತ್ತಾರೆ. ಆದರೆ ಸೆರುಲೋಪ್ಲಾಸ್ಮಿನ್, 24 ಗಂಟೆಯ ಮೂತ್ರ, ಕಣ್ಣಿನ ಪರೀಕ್ಷೆ ಈ ಮೂರೂ ಮುಗಿಯಲು ಬೆಂಗಳೂರಿಗೆ ಎರಡು ಸಲ ಹೋಗಿಬಂದರೆ ಸಾಕು, ಅಲ್ಲಿಯೂ ಅನುಮಾನ ಉಳಿದರೆ ಅಣ್ಣನಲ್ಲಿ ಪತ್ತೆಯಾದ ವಂಶವಾಹಿಯ ದೋಷ ತಂಗಿಯಲ್ಲಿಯೂ ಇದೆಯೇ ಎಂದು ನೇರವಾಗಿ ನೋಡಬಹುದು. ಇದೆಯೆಂದಾದರೆ, ಯಾವ ನಡುಕವೂ ಕಾಮಾಲೆಯೂ ಬಾರದ ಆ ವಯಸ್ಸಿನಲ್ಲಿಯೇ ಸತುವಿನ ಮಾತ್ರೆ ಶುರುವಾಗುತ್ತದೆ, ಮತ್ತು ಅದನ್ನು ಬಿಡದೆ ನುಂಗುವ ಹುಡುಗಿಯ ಕಣ್ಣಿನಲ್ಲಿ ಅಣ್ಣನ ಕಣ್ಣಿನಲ್ಲಿದ್ದ ಆ ಕಂದು ಉಂಗುರ ಮೂಡದೆಯೇ ಹೋಗುತ್ತದೆ.